ಸೆಗಾನೋ, ನಿಂಟೆಂಡೋನೋ?

ಮೊನ್ನೆ ಅಚ್ಯುತಾಪುರಂನ ಅಂಗಡಿಯೊಂದರಲ್ಲಿ ಮಗನಿಗೆ ಅಂಗೈಯಗಲದ ವಿಡಿಯೋ ಗೇಮ್ ಕೊಡಿಸಿದೆ. ಡಬ್ಬದ ಮೇಲೆ '400 ಇನ್ 1' ಅಂತಿತ್ತು. ಮನೆಗೆ ಬಂದು ಆನ್ ಮಾಡಿದರೆ ಅದೇ ನಮ್ಮ ಮಾರಿಯೋ, ಅದೇ ಕಾಂಟ್ರಾ!

ನಮ್ಮ ವಯಸ್ಸಿನವರು ಸೇರಿದಾಗೆಲ್ಲ ಒಂದು ಜಗಳ ಇದ್ದದ್ದೇ: ಎಂಟು ಬಿಟ್ಟಿನ ಕಾಲದಲ್ಲಿ ನಿಂಟೆಂಡೋ ದೊಡ್ಡದೋ, ಸೆಗಾ ದೊಡ್ಡದೋ? ಲೆಕ್ಕ ನೋಡಿದರೆ ಸೆಗಾನೇ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋದ ಫ್ಯಾಮಿಕಾಮ್‌ಗೆ ಇದ್ದದ್ದು 2 ಕಿಲೋಬೈಟ್ ಮೆಮೊರಿ, ಪರದೆ ಮೇಲೆ ಒಟ್ಟಿಗೆ 25 ಬಣ್ಣ. ಸೆಗಾ ಮಾಸ್ಟರ್ ಸಿಸ್ಟಮ್‌ಗೆ 8 ಕಿಲೋಬೈಟ್, 32 ಬಣ್ಣ. ಆದರೆ ಬಡತನದಲ್ಲೇ ಜಾಣತನ ಹುಟ್ಟೋದು ನೋಡಿ. 1985ರ ಸೂಪರ್ ಮಾರಿಯೋ ಇಡೀ ಆಟ ಬರೀ 40 ಕಿಲೋಬೈಟ್. ಜಾಗ ಉಳಿಸೋಕೆ ಮೋಡ, ಪೊದೆ ಎರಡಕ್ಕೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ!

ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರು ಆಡಿದ್ದು ನಿಂಟೆಂಡೋ ಅಲ್ಲವೇ ಅಲ್ಲ, ಅದರ ನಕಲು. ಅಮೆರಿಕದ ಮಾದರಿಯಲ್ಲಿದ್ದ ಬೀಗದ ಚಿಪ್ಪು ಜಪಾನಿನ ಫ್ಯಾಮಿಕಾಮ್‌ನಲ್ಲಿ ಇರಲಿಲ್ಲ. ಹಾಗಾಗಿ ತೈವಾನಿನ ನಕಲು ಚಿಪ್ಪುಗಳು ಬಂದವು, ಮೀಡಿಯಾ, ಲಿಟಲ್ ಮಾಸ್ಟರ್ ಹೆಸರಿನ ಡಬ್ಬಗಳು ನಮ್ಮ ಮನೆ ಸೇರಿದವು. ಸೆಗಾವನ್ನು 90ರ ದಶಕದಲ್ಲಿ ಶಾ ವಾಲೇಸ್ ಕಂಪನಿ ಇಲ್ಲಿಗೆ ತಂದಿತು, ಆದರೆ ನಮ್ಮಂಥವರ ಜೇಬಿಗೆ ಎಟುಕಲಿಲ್ಲ.

ನನ್ನ ಪ್ರಕಾರ ತೀರ್ಮಾನ ಆಗಿದ್ದು ಇಲ್ಲೇ. ಪಕ್ಕದ ಮನೆಯಲ್ಲಿ ಯಾವುದರ ಕ್ಯಾಸೆಟ್ ಇದೆಯೋ ಅದೇ ದೊಡ್ಡ ಗೇಮ್. ಅಪ್ಪನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಭದ್ರಾವತಿಯಿಂದ ವಿಶಾಖಪಟ್ಟಣಕ್ಕೆ ಬಂದಾಗ ನನಗೆ ತೆಲುಗಿನ ಒಂದಕ್ಷರ ಬರುತ್ತಿರಲಿಲ್ಲ. ನನ್ನ ಹತ್ತಿರ ಮಾರಿಯೋ ಇತ್ತು, ಎದುರು ಕ್ವಾರ್ಟರ್ಸಿನ ಹುಡುಗನ ಹತ್ತಿರ ಕಾಂಟ್ರಾ. "ಇವ್ವರಾ" ಅನ್ನೋದು ನಾನು ಕಲಿತ ಮೊದಲ ತೆಲುಗು ಮಾತು. ಕೊಡೋ ಅಂತ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ ಮೂವತ್ತು ಲೈಫ್ ಅಂತ ಹೇಳಿಕೊಟ್ಟವನೂ ಅವನೇ. ಇಬ್ಬರೂ ಒಟ್ಟಿಗೆ ಆಡುವಾಗ ಒಬ್ಬ ಹಿಂದೆ ಬಿದ್ದರೆ ಇನ್ನೊಬ್ಬ ಕಾಯಬೇಕಿತ್ತು. ಆ ಸ್ನೇಹ ಈಗಲೂ ಇದೆ.

ಮಗನ ಕೈಯಲ್ಲಿ ನಾನೂರು ಆಟ ಇವೆ. ಯಾರ ಮನೆ ಬಾಗಿಲು ತಟ್ಟುವ ಅಗತ್ಯವೂ ಇಲ್ಲ. ಎರಡೇ ದಿನಕ್ಕೆ ಅದು ಸೋಫಾ ಕೆಳಗೆ ಸೇರಿತು. ತಪ್ಪು ಯಂತ್ರದ್ದಲ್ಲ, ಎಲ್ಲವನ್ನೂ ಒಂದೇ ಸಲ ಕೊಡಿಸಿದ ನನ್ನದು. ಈ ಭಾನುವಾರ ಪಕ್ಕದ ಫ್ಲಾಟಿನ ಹುಡುಗನನ್ನು ಆಡೋಕೆ ಕರೆದಿದ್ದೇನೆ.

ಅಂದಹಾಗೆ, ನಿಮ್ಮ ಮನೇಲಿ ಯಾವುದಿತ್ತು?