ಡಿಗ್ರಿ ಮುಗಿಯಿತು, ಎಂಬಿಎ ಬೇಕೇ? ನೀಲಗಿರಿಯ ಮನೆಗಳು ಹಾಕಬೇಕಾದ ಲೆಕ್ಕ



ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಸಂಘಕ್ಕೆ ಬರುವ ಕರೆಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಮಗನದ್ದು ಬಿ.ಕಾಂ. ಆಯಿತು, ಮಗಳದ್ದು ಬಿಬಿಎ ಆಯಿತು, ಎಂಬಿಎಗೆ ಸೇರಿಸೋಣವೇ? ಊಟಿ, ಗೂಡಲೂರು, ಮಸಿನಗುಡಿ ಕಡೆಯ ಹೆತ್ತವರಿಗೆ ಇದು ಓದಿನ ಪ್ರಶ್ನೆ ಮಾತ್ರವಲ್ಲ. ಮನೆಯ ಹತ್ತು ವರ್ಷದ ದುಡಿಮೆಯನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆಯೂ ಹೌದು. ಹಾಗಾಗಿ ಈ ಸಂಚಿಕೆಯಲ್ಲಿ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಬೆಟ್ಟದ ಮೇಲೆ ಏನು ಬದಲಾಗಿದೆ

ನಮ್ಮ ಹಿಂದಿನ ತಲೆಮಾರಿಗೆ ಈ ಚಿಂತೆ ಇರಲಿಲ್ಲ. ಅರವಂಕಾಡಿನಲ್ಲಿ 1904ರಲ್ಲಿ ಶುರುವಾದ ಕಾರ್ಡೈಟ್ ಫ್ಯಾಕ್ಟರಿ ಇತ್ತು. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಊಟಿಯಲ್ಲಿತ್ತು. ಅಲ್ಲಿ ಒಂದು ನೌಕರಿ ಸಿಕ್ಕರೆ ಮನೆ ನಿಂತಂತೆಯೇ. ಇಂದು ಫಿಲ್ಮ್ ಕಾರ್ಖಾನೆ ಬಾಗಿಲು ಹಾಕಿದೆ. ಹಸಿರೆಲೆಯ ಬೆಲೆಗಾಗಿ ಸಣ್ಣ ಚಹಾ ಬೆಳೆಗಾರರು ಬೀದಿಗಿಳಿದದ್ದನ್ನೂ ಕೋರ್ಟ್ ಮೆಟ್ಟಿಲೇರಿದ್ದನ್ನೂ ನಾವೆಲ್ಲ ಕಂಡಿದ್ದೇವೆ. ಸೀಗೂರಿನ ಆನೆ ದಾರಿಯ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ 2011ರಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿದ ಮೇಲೆ ಮಸಿನಗುಡಿಯ ರೆಸಾರ್ಟ್ ಕೆಲಸವನ್ನು ನೆಚ್ಚಿಕೊಳ್ಳುವಂತಿಲ್ಲ. 2024ರ ಮೇ ತಿಂಗಳಿನಿಂದ ಊಟಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬಂದಿದೆ. ಕಾಡಿಗೂ ಬೆಟ್ಟಕ್ಕೂ ಇವು ಬೇಕಾದ ಕ್ರಮಗಳೇ ಇರಬಹುದು. ಆದರೆ ಇಲ್ಲೇ ದುಡಿದು ಬದುಕುತ್ತೇವೆ ಎನ್ನುವ ಹುಡುಗರಿಗೆ ದಾರಿ ಕಿರಿದಾಗಿರುವುದೂ ನಿಜ.

ಹೀಗಾಗಿ ಊಟಿಯ ಸರ್ಕಾರಿ ಕಲಾ ಕಾಲೇಜಿನಲ್ಲೋ, ಕೂನೂರಿನ ಪ್ರಾವಿಡೆನ್ಸ್ ಮಹಿಳಾ ಕಾಲೇಜಿನಲ್ಲೋ, ಗೂಡಲೂರಿನ ಸರ್ಕಾರಿ ಕಾಲೇಜಿನಲ್ಲೋ ಪದವಿ ಮುಗಿಸಿದ ಬಹಳಷ್ಟು ಮಕ್ಕಳು ಘಾಟಿ ಇಳಿಯುವುದು ಖಚಿತ. ಕೊಯಮತ್ತೂರಿಗೋ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಬರೀ ಡಿಗ್ರಿ ಹಿಡಿದು ಹೋಗಬೇಕೇ, ಎಂಬಿಎ ಮಾಡಿಕೊಂಡು ಹೋಗಬೇಕೇ ಎಂಬುದಷ್ಟೇ ಉಳಿದ ಪ್ರಶ್ನೆ.

ಎಲ್ಲ ಎಂಬಿಎಯೂ ಒಂದೇ ಅಲ್ಲ

ಎಂಬಿಎ ಎಂಬ ಪದವಿಯನ್ನು ಜಗತ್ತಿಗೆ ಮೊದಲು ಕೊಟ್ಟದ್ದು ಹಾರ್ವರ್ಡ್. ಅಲ್ಲಿ ಈ ಕೋರ್ಸ್ 1908ರಲ್ಲಿ ಆರಂಭವಾಯಿತು. ಆ ಹಾರ್ವರ್ಡ್‌ನಲ್ಲೇ 2024ರಲ್ಲಿ ಪಾಸಾಗಿ ಕೆಲಸ ಹುಡುಕುತ್ತಿದ್ದವರಲ್ಲಿ ಶೇ. 23 ಮಂದಿಗೆ ಮೂರು ತಿಂಗಳಾದರೂ ಕೆಲಸ ಸಿಕ್ಕಿರಲಿಲ್ಲ. ಪದವಿಯೊಂದೇ ಕೆಲಸ ಕೊಡಿಸುತ್ತದೆ ಎಂದು ಯಾರೇ ಹೇಳಿದರೂ ಈ ಸಂಖ್ಯೆಯನ್ನು ನೆನಪಿಡಿ.

ನಮ್ಮಲ್ಲಿ ಮೂರು ಬಗೆಯ ಸೀಟುಗಳಿವೆ. ಮೊದಲನೆಯದು ಐಐಎಂಗಳದ್ದು. ಬೆಂಗಳೂರು (1973), ಕೋಯಿಕ್ಕೋಡ್ (1996), ತಿರುಚಿರಾಪಳ್ಳಿ (2011) ನಮಗೆ ಹತ್ತಿರದವು. ಇವಕ್ಕೆ ನವೆಂಬರ್‌ನಲ್ಲಿ ನಡೆಯುವ ಕ್ಯಾಟ್ ಪರೀಕ್ಷೆ ಬರೆಯಬೇಕು. ಶುಲ್ಕ ದೊಡ್ಡದು, ಆದರೆ ಆ ಸಾಲವನ್ನು ತೀರಿಸುವ ಕೆಲಸ ಸಿಗುವ ಸಂಭವವೂ ದೊಡ್ಡದು.

ಎರಡನೆಯದು ಸರ್ಕಾರದ ಮೂಲಕ ಸಿಗುವ ಸೀಟು. ತಮಿಳುನಾಡಿನಲ್ಲಿ ಅಣ್ಣಾ ವಿಶ್ವವಿದ್ಯಾಲಯ ನಡೆಸುವ ಟ್ಯಾನ್ಸೆಟ್ ಬರೆದು ಕೌನ್ಸೆಲಿಂಗ್‌ಗೆ ಹೋಗಬೇಕು. ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಇದೆ. ಕಾಸರಗೋಡಿನ ನಮ್ಮ ಸದಸ್ಯರಿಗೆ ಕೇರಳದ ಕೆಮ್ಯಾಟ್, ಸೊಲ್ಲಾಪುರ-ಜತ್ತ ಕಡೆಯವರಿಗೆ ಮಹಾರಾಷ್ಟ್ರದ ಸಿಇಟಿ, ಆಂಧ್ರ-ತೆಲಂಗಾಣದವರಿಗೆ ಐಸೆಟ್. ಸರ್ಕಾರಿ ಹಾಗೂ ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಶುಲ್ಕ ಕಡಿಮೆ. ಸಾಧಾರಣ ಮನೆಯ ಮಕ್ಕಳು ಮೊದಲು ನೋಡಬೇಕಾದದ್ದು ಇದನ್ನೇ.

ಮೂರನೆಯದು ಮ್ಯಾನೇಜ್‌ಮೆಂಟ್ ಕೋಟಾ. ಪ್ರವೇಶ ಪರೀಕ್ಷೆಯಲ್ಲಿ ಅಂಕ ಬಾರದಿದ್ದರೂ ಹಣ ಕಟ್ಟಿದರೆ ಸಿಗುವ ಸೀಟು ಸಾಮಾನ್ಯವಾಗಿ ಇದು. ನಮ್ಮ ಕುಟುಂಬಗಳು ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಗಡಿಯಾಚೆ ಅರ್ಜಿ ಹಾಕುವ ಮುನ್ನ ಇನ್ನೊಂದು ಮಾತು. ರಾಜ್ಯದ ಮೀಸಲಾತಿ ಆ ರಾಜ್ಯದ ಪಟ್ಟಿಗೆ ಸೇರಿದ್ದು. ತಮಿಳುನಾಡಿನಲ್ಲಿ ಶೇ. 69 ಮೀಸಲಾತಿಯೊಳಗೆ ಹಿಂದುಳಿದ ವರ್ಗದ ಸೀಟು ಪಡೆಯಬಲ್ಲ ಬಡಗ ಸಮುದಾಯದ ವಿದ್ಯಾರ್ಥಿ ಮೈಸೂರಿಗೆ ಹೋದರೆ ಆ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಕೊಡುವ ಅವಕಾಶವೂ ಹಾಗೆಯೇ, ಊರು, ತಾಲೂಕು, ಓದಿದ ವರ್ಷಗಳ ಷರತ್ತಿನ ಮೇಲೆ ನಿಂತಿದೆ. ಕಾಸರಗೋಡಿನವರಿಗೆ ಸಿಕ್ಕಿತೆಂದು ಗೂಡಲೂರಿಗೂ ಸಿಗುತ್ತದೆ ಎಂದುಕೊಳ್ಳದೆ ಆಯಾ ವರ್ಷದ ಕೈಪಿಡಿಯನ್ನು ಅಕ್ಷರ ಬಿಡದೆ ಓದಿ.

ಸಾಲದ ಲೆಕ್ಕ

ಒಂದು ಉದಾಹರಣೆ ನೋಡೋಣ. ಎರಡು ವರ್ಷದ ಕೋರ್ಸಿಗೆ ವರ್ಷಕ್ಕೆ 3 ಲಕ್ಷದಂತೆ 6 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದುವಾಗ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಸರಳ ಬಡ್ಡಿಯಲ್ಲೇ 1.5 ಲಕ್ಷ ಸೇರಿ, ಮೂರು ವರ್ಷದ ಕೊನೆಗೆ ಸಾಲ 7.5 ಲಕ್ಷ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 9,900 ರೂ. ಕಂತು, ಒಟ್ಟು ಸುಮಾರು 11.9 ಲಕ್ಷ. ಎರಡು ವರ್ಷ ತಿಂಗಳಿಗೆ 15,000 ರೂ. ದುಡಿಯಬಹುದಾಗಿದ್ದ ಹುಡುಗ ಅದನ್ನು ಬಿಟ್ಟಿದ್ದರೆ ಇನ್ನೂ 3.6 ಲಕ್ಷ ಸೇರಿಸಿ. ಎಂಬಿಎ ಮುಗಿಸಿ 20,000 ರೂ. ಸಂಬಳಕ್ಕೆ ಸೇರಿ, ನಗರದಲ್ಲಿ ಪಿಜಿ ಬಾಡಿಗೆ, ಊಟದ ಖರ್ಚು ಕೊಟ್ಟ ಮೇಲೆ ಈ ಕಂತು ಕಟ್ಟಲು ಸಾಧ್ಯವೇ? ಇದೇ ಕೋರ್ಸು ಸರ್ಕಾರಿ ಸೀಟಿನಲ್ಲಿ ಕಾಲು ಭಾಗದ ಖರ್ಚಿಗೆ ಮುಗಿದರೆ ಕಂತೂ ಕಾಲು ಭಾಗಕ್ಕಿಳಿಯುತ್ತದೆ.

ಗೂಡಲೂರು-ಪಂದಲೂರು ಭಾಗಕ್ಕೆ ಇನ್ನೊಂದು ತೊಡಕಿದೆ. ಸಾಮಾನ್ಯವಾಗಿ 7.5 ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕ್ ಆಸ್ತಿಯ ಅಡಮಾನ ಕೇಳುತ್ತದೆ. 1969ರ ಜನ್ಮಂ ಎಸ್ಟೇಟ್ ರದ್ದತಿ ಕಾಯ್ದೆಯ ಸೆಕ್ಷನ್ 17ರಡಿ ಸಿಕ್ಕಿಕೊಂಡ ಜಾಗದಲ್ಲಿ ಅಜ್ಜನ ಕಾಲದಿಂದ ಕೃಷಿ ಮಾಡಿದರೂ ಪಟ್ಟಾ ಇಲ್ಲದವರು ಎಷ್ಟೋ ಮಂದಿ. ಪಟ್ಟಾ ಇಲ್ಲದ ನೆಲ ಬ್ಯಾಂಕಿಗೆ ಆಸ್ತಿಯಲ್ಲ. ಕೊನೆಗೆ ಚಿನ್ನ ಅಡವಿಡುವುದು, ಕೈಸಾಲ ಮಾಡುವುದು. ಕೈಸಾಲದ ಬಡ್ಡಿಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ.

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇಂಥವರಿಗೆ ನೆರವಾಗಬಲ್ಲದು. ಅಡಮಾನವೂ ಬೇಡ, ಜಾಮೀನೂ ಬೇಡ. ವಾರ್ಷಿಕ ಆದಾಯ 8 ಲಕ್ಷದೊಳಗಿನ, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದ ಮನೆಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗೆ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ಆದರೆ ಸರ್ಕಾರದ ಪಟ್ಟಿಯಲ್ಲಿರುವ ಸಂಸ್ಥೆಗೆ ಅರ್ಹತೆಯ ಮೇಲೆ ಸೇರಿದರೆ ಮಾತ್ರ ಇದು ಸಿಗುತ್ತದೆ. ಆರಂಭದಲ್ಲಿ ಆ ಪಟ್ಟಿಯಲ್ಲಿದ್ದದ್ದು 860 ಸಂಸ್ಥೆಗಳು. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಪರಿಶಿಷ್ಟ ಜಾತಿ, ಪಂಗಡದ, ಆದಾಯ 2.5 ಲಕ್ಷದೊಳಗಿನ ಮಕ್ಕಳು ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನವನ್ನು ಮರೆಯಬಾರದು. ತಮಿಳುನಾಡಿನ ಪುದುಮೈ ಪೆಣ್, ತಮಿಳ್ ಪುದಲ್ವನ್ ಯೋಜನೆಗಳ ತಿಂಗಳ 1,000 ರೂ. ಮಾತ್ರ ಡಿಗ್ರಿಯೊಂದಿಗೇ ನಿಲ್ಲುತ್ತದೆ.

ಅಂಚೆ ಶಿಕ್ಷಣದ ಪಾಠ

ಕೆಲಸ ಮಾಡುತ್ತಲೇ ಓದುವವರಿಗೆ ಇಗ್ನೊ ಇದೆ. ಅಲ್ಲಿ ಎರಡರಿಂದ ನಾಲ್ಕು ವರ್ಷದಲ್ಲಿ ಎಂಬಿಎ ಮುಗಿಸಬಹುದು. ಆದರೆ ದೂರಶಿಕ್ಷಣದಲ್ಲಿ ಮಾನ್ಯತೆಯೇ ಪ್ರಾಣ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ ಸಾವಿರಾರು ವಿದ್ಯಾರ್ಥಿಗಳು ಅತಂತ್ರರಾದರು. ರಾಜ್ಯದ ಹೊರಗೆ ಕೇಂದ್ರಗಳನ್ನು ನಡೆಸಿದ್ದೇ ಮುಖ್ಯ ಆಕ್ಷೇಪವಾಗಿತ್ತು. ಮಾನ್ಯತೆ ಮತ್ತೆ ಬಂದದ್ದು 2018ರಲ್ಲಿ. ರಾಜ್ಯದ ಹೊರಗಿರುವ ನಮ್ಮಂಥವರು ಇದನ್ನು ಮರೆಯುವಂತಿಲ್ಲ. ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ, ಓದುವ ಜಾಗಕ್ಕೆ ಮಾನ್ಯತೆ ಇದೆಯೇ ಎಂದು ಯುಜಿಸಿ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲೇ ನೋಡಿ. ಏಜೆಂಟರ ಬಾಯಿಮಾತು ಸಾಲದು.

ಈಗಲೇ ಓದಬೇಕೇ, ದುಡಿದ ಮೇಲೆಯೇ?

ಎರಡು ವರ್ಷ ಕೆಲಸ ಮಾಡಿ ಆಮೇಲೆ ಎಂಬಿಎಗೆ ಹೋಗುವುದು ಒಳ್ಳೆಯದೆಂಬುದು ಸಾಮಾನ್ಯ ಸಲಹೆ. ಅದರಲ್ಲಿ ಹುರುಳಿದೆ. ಅಂಗಡಿಯ ಲೆಕ್ಕವನ್ನೋ ಚಹಾ ಫ್ಯಾಕ್ಟರಿಯ ಕಚೇರಿಯನ್ನೋ ಕಂಡವನಿಗೆ ತರಗತಿಯ ಮಾತು ಬೇಗ ಹತ್ತುತ್ತದೆ, ತನಗೆ ಬೇಕಾದದ್ದು ಹಣಕಾಸೋ ಮಾರಾಟವೋ ಎಂಬುದೂ ತಿಳಿಯುತ್ತದೆ.

ಆದರೆ ಈ ಸಲಹೆ ಎಲ್ಲರಿಗೂ ಒಂದೇ ಅಳತೆಯದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗಿಗೆ "ಎರಡು ವರ್ಷ ಆಮೇಲೆ" ಎಂದರೆ ಆ ಆಮೇಲೆ ಬರುವುದೇ ಇಲ್ಲ. ಅಷ್ಟರಲ್ಲಿ ಗಂಡು ನೋಡುವ ಮಾತು ಏಳುತ್ತದೆ. ಸರ್ಕಾರಿ ಸೀಟು ಕೈಗೆ ಸಿಕ್ಕಿದ ಹೆಣ್ಣುಮಗಳನ್ನು ಅನುಭವದ ನೆಪದಲ್ಲಿ ತಡೆಯಬೇಡಿ ಎಂದೇ ನಾವು ಹೇಳುತ್ತೇವೆ. ಮಗನಿಗೆ ಕೋಟಾ ಸೀಟಿಗೆ ಸಾಲ ಮಾಡಲು ಒಪ್ಪುವ ಮನೆ, ಮಗಳ ಮೆರಿಟ್ ಸೀಟಿನ ಹಾಸ್ಟೆಲ್ ಖರ್ಚಿಗೆ ಹಿಂಜರಿಯುವುದು ನ್ಯಾಯವಲ್ಲ.

ಎಂಬಿಎ ಒಂದೇ ದಾರಿಯೂ ಅಲ್ಲ. ಚಹಾ, ಕಾಫಿ ತೋಟದ ಮನೆಯ ಮಕ್ಕಳಿಗೆ ಬೆಂಗಳೂರಿನ ಭಾರತೀಯ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ. ಗ್ರಾಮೀಣ ನಿರ್ವಹಣೆಗೆ 1979ರಿಂದ ಆನಂದ್‌ನಲ್ಲಿರುವ ಇರ್ಮಾ ಇದೆ. ಬಿ.ಕಾಂ. ಮಕ್ಕಳಿಗೆ ಸಿಎ, ಸಿಎಂಎ ಇವೆ. ಬ್ಯಾಂಕ್ ಗುಮಾಸ್ತರ ಹುದ್ದೆಗೆ ಆಯಾ ರಾಜ್ಯದ ಭಾಷೆ ಬರಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪೇಟೆಯಲ್ಲಿ ಮಲಯಾಳ ಆಡುವ ಗೂಡಲೂರಿನ ಹುಡುಗನಿಗೆ ಇದು ಸಣ್ಣ ಬಂಡವಾಳವಲ್ಲ. ಓದಲು, ಬರೆಯಲು ಕಲಿತಿದ್ದರೆ ಮಾತ್ರ.

ನಮ್ಮ ಅಭಿಪ್ರಾಯ

ಐಐಎಂ ಅಥವಾ ಸರ್ಕಾರಿ ಸೀಟು ಸಿಕ್ಕಿದರೆ ಹಿಂದೆಮುಂದೆ ನೋಡದೆ ಹೋಗಲಿ. ಸಿಗದಿದ್ದರೆ ಕೆಲಸಕ್ಕೆ ಸೇರಿ ಮುಂದಿನ ವರ್ಷ ಮತ್ತೆ ಪರೀಕ್ಷೆ ಬರೆಯಲಿ. ಹಟಕ್ಕೆ ಬಿದ್ದು ಕೋಟಾ ಸೀಟಿಗೆ ನೆಲ-ಚಿನ್ನ ಕರಗಿಸುವುದು ಬೇಡ. ಯಾವ ಕಾಲೇಜಿಗೇ ಆಗಲಿ, ಹಣ ಕಟ್ಟುವ ಮುನ್ನ ಎಐಸಿಟಿಇ ಮಾನ್ಯತೆ ನೋಡಿ. ಹಿಂದಿನ ವರ್ಷ ಪಾಸಾದ ಇಬ್ಬರು ಮೂವರನ್ನು ನೀವೇ ಹುಡುಕಿ, ಅತಿ ಹೆಚ್ಚು ಸಂಬಳ ಎಷ್ಟು ಎಂದಲ್ಲ, ತರಗತಿಯ ನಡುವಿನ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು ಎಂದು ಕೇಳಿ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂಬ ಯುಜಿಸಿ ನಿಯಮ ನೆನಪಿರಲಿ.

ಅರ್ಜಿ, ಪ್ರಮಾಣಪತ್ರ, ಸಾಲದ ಕಾಗದಪತ್ರಗಳಲ್ಲಿ ನೆರವು ಬೇಕಾದವರು ಸಂಘವನ್ನು ಸಂಪರ್ಕಿಸಿ. ಈಗಾಗಲೇ ಎಂಬಿಎ ಮಾಡಿರುವ ಸದಸ್ಯರ ಮಕ್ಕಳು ತಮ್ಮ ಕಾಲೇಜು, ಖರ್ಚು, ಮೊದಲ ಸಂಬಳದ ನಿಜ ವಿವರವನ್ನು ಕಿರಿಯರೊಂದಿಗೆ ಹಂಚಿಕೊಂಡರೆ, ಅದು ಯಾವ ಜಾಹೀರಾತಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.