ಬಿಸಿಲಿಗೊಂದು ‘ವಿಂಟೇಜ್’ ಬ್ಯಾಗಂತೆ!

(1/7)
ಯುಗಾದಿ ಹತ್ತಿರ ಬಂತು ಅಂದ್ರೆ ನನ್ನ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ. ‘ಅಕ್ಕಾ, ಬೇಸಿಗೆಗೆ ಕಾಟನ್ ಸೀರೆ ಜೊತೆ ಹಾಕೋಕೆ ಒಂದು ವಿಂಟೇಜ್ ಲುಕ್ ಹ್ಯಾಂಡ್‌ಬ್ಯಾಗ್ ಹೇಳಿ, ಸಾವಿರದ ಒಳಗೆ.’ ಹೇಳ್ತೀನಿ. ಆದ್ರೆ ಈ ಸಲ ಲಿಂಕ್ ಕೊಡೋದಿಲ್ಲ, ಜಗಳ ಆಡ್ತೀನಿ. ಏಳು ಕಂತು ಇದೆ, ಬಿಸಿಲು ಇಳಿದ ಮೇಲೆ ನಿಧಾನಕ್ಕೆ ಓದಿ. ಮಧ್ಯದಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳೋದೂ ಇದೆ.

ಹೊಸಬರಿಗೆ ಒಂದು ಮಾತು: ನಾನು ಬಳ್ಳಾರಿಯವಳು. ನಮ್ಮೂರಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ. ಮಾರ್ಚ್‌ನಲ್ಲೇ ಮಧ್ಯಾಹ್ನ ಹನ್ನೆರಡಕ್ಕೆ ಸ್ಕೂಟಿ ಸೀಟು ಮುಟ್ಟೋಕಾಗಲ್ಲ. ಹಾಗಾಗಿ ‘ಸಮ್ಮರ್ ಬ್ಯಾಗ್’ ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ಬಣ್ಣ ನೋಡೋದಿಲ್ಲ. ನೀರಿನ ಬಾಟ್ಲಿ ನೆಟ್ಟಗೆ ನಿಲ್ಲುತ್ತಾ ನೋಡ್ತೀನಿ.

(2/7)
ಮೊದಲು ಆ ಕಂದು ಬಣ್ಣದ ಬ್ಯಾಗಿನ ವಿಚಾರ ಮುಗಿಸಿಬಿಡೋಣ. ನೀವೆಲ್ಲ ಕಳಿಸ್ತೀರಲ್ಲ ಸ್ಕ್ರೀನ್‌ಶಾಟು, ಅದೇ. ಪುಟ್ಟ ಪೆಟ್ಟಿಗೆ ಆಕಾರ, ಹಿತ್ತಾಳೆ ಬಣ್ಣದ ಚಿಲಕ, ಹಳೇ ಕಾಲದ ಅಂಚೆಯವನ ಚೀಲದ ಥರ ಎರಡು ಪಟ್ಟಿ. ಕೆಳಗೆ ‘ರೆಟ್ರೋ ವೇಗನ್ ಲೆದರ್, ಸಮ್ಮರ್ ಕಲೆಕ್ಷನ್’.

ವೇಗನ್ ಲೆದರ್ ಅಂದ್ರೆ ಈ ಬೆಲೆಗೆ ಬಹುತೇಕ ಏನು ಗೊತ್ತಾ? ಪಿಯು, ಅಂದ್ರೆ ಪಾಲಿಯುರಿಥೇನ್. ತೆಳು ಬಟ್ಟೆ ಮೇಲೆ ಪ್ಲಾಸ್ಟಿಕ್ ಪದರ ಎಳೆದು, ಚರ್ಮದ ಗೆರೆ ಅಚ್ಚೊತ್ತಿದ್ದು. ಈ ಪದರಕ್ಕೆ ಗಾಳಿಯ ತೇವವೂ ಶಾಖವೂ ಶತ್ರು. ತೇವ ಒಳಗೆ ಹೋಗಿ ಅದರ ಕೊಂಡಿಗಳನ್ನ ಒಂದೊಂದಾಗಿ ಬಿಡಿಸುತ್ತೆ, ಶಾಖ ಆ ಕೆಲಸದ ವೇಗ ಹೆಚ್ಚಿಸುತ್ತೆ. ಮೊದಲು ಅಂಟಂಟು, ಆಮೇಲೆ ಬಿರುಕು, ಆಮೇಲೆ ಹಪ್ಪಳದ ಥರ ಉದುರು. ಉಪಯೋಗಿಸದೆ ಬೀರುವಿನಲ್ಲಿ ಇಟ್ರೂ ಉದುರುತ್ತೆ. ಮಂಗಳೂರು, ಕಾರವಾರದ ಕಡೆಯವರು ‘ಅಕ್ಕಾ, ಒಂದು ಮಳೆಗಾಲ ಕಳೆದು ತೆಗೆದು ನೋಡಿದ್ರೆ ಬ್ಯಾಗ್ ಸಿಪ್ಪೆ ಸುಲಿದಿತ್ತು’ ಅಂತ ಬರೀತೀರಲ್ಲ, ಅದು ನಿಮ್ಮ ಅಜಾಗರೂಕತೆ ಅಲ್ಲ ಮಾರಾಯ್ರೇ. ಆ ವಸ್ತುವಿನ ಹಣೆಬರಹವೇ ಅಷ್ಟು.

ಅಂದ್ರೆ ಬಿಸಿಲಿಗೂ ಬೆವರಿಗೂ ಆಗದ ವಸ್ತುವನ್ನ ‘ಸಮ್ಮರ್’ ಅಂತ ಮಾರ್ತಿದ್ದಾರೆ. ನಾಲ್ಕು ವರ್ಷ ಬಾಳದ್ದನ್ನ ‘ವಿಂಟೇಜ್’ ಅಂತ ಮಾರ್ತಿದ್ದಾರೆ. ಒಂದೇ ಚೀಟಿಯಲ್ಲಿ ಎರಡು ಸುಳ್ಳು! ನಾವು ಅದಕ್ಕೆ ಹಾರ್ಟ್ ಒತ್ತಿ ಕೂತಿದ್ದೀವಿ.

(ನಿಜವಾದ ಚರ್ಮ ಹೇಗೆ ಅಂತ ಕೇಳೋರಿಗೆ: ಬಾಳಿಕೆ ಬರುತ್ತೆ, ಭಾರ ಇರುತ್ತೆ, ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ. ಅಜ್ಜನ ಕಾಲದ್ದು ಮನೇಲಿದ್ರೆ ಒರೆಸಿ ಉಪಯೋಗಿಸಿ. ಬೇಸಿಗೆಗೇ ಅಂತ ಹೊಸದು ಕೊಳ್ಳೋ ಅಗತ್ಯ ನನಗಂತೂ ಕಂಡಿಲ್ಲ.)

(3/7)
ಸರಿ, ಈ ಪೆಟ್ಟಿಗೆ ಬ್ಯಾಗುಗಳು ಯಾರ ನಕಲು? ಯುರೋಪಿನ 1940-50ರ ದಶಕದ ಬ್ಯಾಗುಗಳದ್ದು. ಅವುಗಳ ಕಥೆ ಓದಿದ್ರೆ ನಕಲು ಇನ್ನೂ ತಮಾಷೆಯಾಗಿ ಕಾಣುತ್ತೆ.

ಗುಚಿಯ ಬಿದಿರು ಹಿಡಿಕೆಯ ಬ್ಯಾಗ್ ಬಂದಿದ್ದು 1947ರಲ್ಲಿ. ಯುದ್ಧ ಮುಗಿದ ಇಟಲಿ, ಸಾಮಾನು ಸಿಗ್ತಿಲ್ಲ. ಸಿಕ್ಕ ಬಿದಿರನ್ನೇ ಬಿಸಿ ಮಾಡಿ ಬಗ್ಗಿಸಿ ಹಿಡಿಕೆ ಮಾಡಿದ್ರು. ಶನೆಲ್‌ನ 2.55ಕ್ಕೆ ಆ ಹೆಸರು ಬಂದಿದ್ದೇ 1955ರ ಫೆಬ್ರವರಿಯಲ್ಲಿ ಹುಟ್ಟಿದ್ದರಿಂದ. ಕೈಯಲ್ಲಿ ಹಿಡಿದೂ ಹಿಡಿದೂ ಸಾಕಾಗಿ, ಹೆಗಲಿಗೆ ಹಾಕೋ ಸರಪಳಿ ಇಟ್ಟಿದ್ದು ಅದರ ವಿಶೇಷ. ಒಂದು ಕೊರತೆಗೆ ಉತ್ತರ, ಇನ್ನೊಂದು ಕಿರಿಕಿರಿಗೆ ಉತ್ತರ. ಆ ಊರು, ಆ ಹವೆ, ಆ ಹೆಂಗಸರ ಕೈಗೆ ಹೊಂದಿದ್ದು. ಅದೇ ಲೋಹದ ಸರಪಳಿ ಬಳ್ಳಾರಿಯ ಏಪ್ರಿಲ್‌ನಲ್ಲಿ ತೋಳಿಲ್ಲದ ರವಿಕೆ ಮೇಲೆ ಹಾಕ್ಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಹೆಗಲಿಗೆ ಬರೆ.

ನನಗೆ ಇಷ್ಟವಾದದ್ದು ಜೇನ್ ಬರ್ಕಿನ್ ಕಥೆ. ಆಕೆ ಎಲ್ಲಿ ಹೋದ್ರೂ ಹೆಣೆದ ಒಂದು ಬುಟ್ಟಿ ಹಿಡಿದೇ ಹೋಗ್ತಿದ್ದಳು, ಪಾರ್ಟಿಗೂ ಅದೇ. 80ರ ದಶಕದಲ್ಲಿ ಒಂದು ವಿಮಾನದಲ್ಲಿ ಆಕೆಯ ಸಾಮಾನೆಲ್ಲ ಚೆಲ್ಲಿ, ಪಕ್ಕದಲ್ಲಿದ್ದ ಎರ್ಮೆಸ್ ಕಂಪನಿಯ ಮುಖ್ಯಸ್ಥ ಆಕೆಗೊಂದು ಚರ್ಮದ ಬ್ಯಾಗ್ ಮಾಡಿಸಿಕೊಟ್ಟ. ಆಕೆಯ ಆ ಮೂಲ ಬ್ಯಾಗು 2025ರ ಜುಲೈನಲ್ಲಿ ಹರಾಜಾಗಿದ್ದು 86 ಲಕ್ಷ ಯೂರೋಗೆ. ರೂಪಾಯಿ ಲೆಕ್ಕ ಹಾಕಬೇಡಿ, ತಲೆ ತಿರುಗುತ್ತೆ. ಬೇಸಿಗೆಯ ಬ್ಯಾಗ್ ಬೇಕು ಅನ್ನೋರು ನೋಡಬೇಕಾದ್ದು ಆ ಕಥೆಯ ಮೊದಲರ್ಧ ಮಾತ್ರ. ಬುಟ್ಟಿ. ಅದು ನಮ್ಮ ಸಂತೆಯಲ್ಲೂ ಸಿಗುತ್ತೆ.

(4/7)
ಹಾಗಾದ್ರೆ ನಮ್ಮ ‘ವಿಂಟೇಜ್’ ಯಾವುದು? ಸಂಚಿ! ಎಲೆ ಅಡಿಕೆ ಸುಣ್ಣಕ್ಕೆ ಬೇರೆಬೇರೆ ಜೇಬಿರೋ, ದಾರ ಎಳೆದ್ರೆ ಬಾಯಿ ಮುಚ್ಚೋ ಬಟ್ಟೆಯ ಚೀಲ. ನಮ್ಮ ಕಡೆ ಚಂಚಿ ಅಂತೀವಿ. ಒಬ್ಬ ಕವಯಿತ್ರಿಯ ಹೆಸರಿನಲ್ಲೇ ಅದು ಉಳಿದುಬಿಟ್ಟಿದೆ. ಸಂಚಿಯ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯೋ ಕೆಲಸ ಮಾಡ್ತಾ ‘ಹದಿಬದೆಯ ಧರ್ಮ’ ಬರೆದವಳು. ಯಾವ ದೇಶದ ಫ್ಯಾಷನ್ ಮನೆಗಿದೆ ಹೇಳಿ ಇಂಥ ವಂಶಾವಳಿ?

ಇನ್ನೊಂದು, ವೈರ್ ಬ್ಯಾಗ್. ನಗಬೇಡಿ. ನಮ್ಮವ್ವ ಟಿವಿ ನೋಡ್ತಾ ಹೆಣೆದ ಹಸಿರು-ಬಿಳಿ ವೈರ್ ಬ್ಯಾಗು ನನ್ನ ವಯಸ್ಸಿಗಿಂತ ಹಳೇದು. ಸೊಪ್ಪು ತಂದಿದ್ದೀವಿ, ಟಿಫಿನ್ ಒಯ್ದಿದ್ದೀವಿ, ಬೋರ್‌ವೆಲ್ ಕೆಳಗೆ ಹಿಡಿದು ತೊಳೆದಿದ್ದೀವಿ. ಒಂದು ಹೆಣಿಗೆ ಬಿಚ್ಚಿಲ್ಲ. ಪ್ಲಾಸ್ಟಿಕ್ಕೇ, ಒಪ್ಪಿದೆ. ಆದ್ರೆ ಮೂವತ್ತು ವರ್ಷ ಬಾಳಿದ ಪ್ಲಾಸ್ಟಿಕ್ಕು. ಸುತ್ತಲೂ ತೂತು, ಗಾಳಿ ಆಡುತ್ತೆ, ಬಾಟ್ಲಿ ನೆಟ್ಟಗೆ ನಿಲ್ಲುತ್ತೆ, ತಳ ಅಗಲ. ಒಳಗೊಂದು ಕಾಟನ್ ಚೀಲ ಇಟ್ಟುಕೊಂಡ್ರೆ ಫೋನು, ಪರ್ಸು ಕಾಣಲ್ಲ. ಈಗ ಇದೇ ಬ್ಯಾಗ್ ಬೆಂಗಳೂರಿನ ಬೂಟೀಕಿನಲ್ಲಿ ‘ರೆಟ್ರೋ ಹ್ಯಾಂಡ್‌ವೋವನ್ ಟೋಟ್’ ಆಗಿದೆ. ನೀವು ನಿಮ್ಮ ಅತ್ತೆಮನೆ ಅಟ್ಟ ಹತ್ತಿ ನೋಡಿ.

ಬೆತ್ತ, ಬಿದಿರು ಇಷ್ಟ ಇರೋರು ತಗೊಳ್ಳಿ. ಒಣ ಹವೆಯಲ್ಲಿ ಬೆತ್ತ ಬಿರುಸಾಗಿ ಮುರಿಯುತ್ತೆ, ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಬೇಕು. ಸೆಣಬು ನನಗೆ ಆಗಿಬರಲ್ಲ, ನಾರು ಉದುರಿ ಸೀರೆಗೆಲ್ಲ ಅಂಟುತ್ತೆ.

ಖಣದ ಬ್ಯಾಗ್ ಬಗ್ಗೆ ಒಂದು ಎಚ್ಚರಿಕೆ. ಗುಳೇದಗುಡ್ಡದ ಖಣ ಅಂತ ಹೇಳಿ ಪಾಲಿಯೆಸ್ಟರ್ ಮೇಲೆ ಅದೇ ವಿನ್ಯಾಸ ಹೊಡೆದು ಮಾರೋರು ಬೇಕಾದಷ್ಟು ಜನ. ಅಂಚಿನ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಹತ್ತಿಯಾದ್ರೆ ಕಾಗದ ಸುಟ್ಟ ವಾಸನೆ, ಬೂದಿ. ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಆಗುತ್ತೆ. ಒಳಗಿನ ಲೈನಿಂಗೂ ನೋಡಿ. ಹೊರಗೆ ಹತ್ತಿ, ಒಳಗೆ ನೈಲಾನ್ ಇದ್ರೆ ಏನು ಬಂತು? ಬೆವರು ಒಳಗೇ ಕೂತು ಮುಗ್ಗಲು ವಾಸನೆ.

(5/7)
ಈಗ ನನ್ನ ತಪ್ಪು.

ಹೋದ ವರ್ಷ ಇದೇ ಪೇಜಿನಲ್ಲಿ ಒಂದು ಫೋಟೋ ಹಾಕಿದ್ದೆ, ಹಳಬರಿಗೆ ನೆನಪಿರುತ್ತೆ. ಕೆಂಪು ನೆಲ, ಕನ್ನಡಿ, ಕವಡೆ, ಮಾಸಿದ ನೀಲಿ ದಾರ. ‘ಆಂಟಿಕ್ ಬಂಜಾರ ಬ್ಯಾಗ್, ಬೇಸಿಗೆಗೆ ಇದಕ್ಕಿಂತ ಬೇಕಾ?’ ಅಂತ ಬರೆದಿದ್ದೆ. 2,800 ರೂಪಾಯಿ ಕೊಟ್ಟಿದ್ದೆ. ಎಲ್ಲಿ ಸಿಗುತ್ತೆ ಅಂತ ತುಂಬಾ ಜನ ಕೇಳಿದ್ರಿ, ಎಲ್ಲರಿಗೂ ಅಂಗಡಿ ಹೆಸರು ಕಳಿಸಿದ್ದೆ.

ಆ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಸಂಡೂರು ಕಡೆಯ ಒಂದು ತಾಂಡಾಕ್ಕೆ ಗೆಳತಿಯ ತಮ್ಮನ ಮದುವೆಗೆ ಹೋದೆ. ಖುಷಿಪಡ್ತಾರೆ ಅಂದ್ಕೊಂಡಿದ್ದೆ! ಊಟ ಆದ ಮೇಲೆ ಒಬ್ಬ ಅಜ್ಜಿ ಹತ್ತಿರ ಕೂತು, ಏನೂ ಕೇಳದೆ ಬ್ಯಾಗನ್ನ ತೊಡೆ ಮೇಲೆ ಎಳ್ಕೊಂಡ್ರು. ಮುಚ್ಚಳ ಎತ್ತಿ ಒಳಗೆ ನೋಡಿದ್ರು. ಉಗುರಿನಿಂದ ಹೊಲಿಗೆ ಸವರಿದ್ರು. ಆಮೇಲೆ ಬ್ಯಾಗನ್ನ ತಲೆಕೆಳಗು ಮಾಡಿದ್ರು.

‘ಹಿಂಗದ ಇದು. ತಲಿಕೆಳಗ ಹೊಲದಾರ. ಇದು ಕಾಂಚಳಿ ಅವ್ವಾ, ಎದಿ ಮ್ಯಾಗಿಂದು.’

ಕಾಂಚಳಿ ಅಂದ್ರೆ ಲಂಬಾಣಿ ಹೆಂಗಸರ ರವಿಕೆ. ಅದರ ಎದೆಯ ಭಾಗ ಕತ್ತರಿಸಿ ನನ್ನ ಬ್ಯಾಗಿನ ಮುಚ್ಚಳ ಮಾಡಿದ್ರು. ಕೆಳಗಿನ ಕೆಂಪು ಪಟ್ಟಿ ಫೇಟಿಯಾದ್ದು, ಅಂದ್ರೆ ಲಂಗದ ಅಂಚು. ನಾನು ‘ವಿಂಟೇಜ್ ಫೇಡ್’ ಅಂತ ಬಣ್ಣಿಸಿದ್ದ ಆ ಮಾಸಲು ಕಲೆ ಬೆವರಿನದ್ದು. ಯಾರೋ ಒಬ್ಬಾಕೆ ಇಂಥದೇ ಬಿಸಿಲಲ್ಲಿ ದುಡಿದ ಬೆವರು.

‘ಯಾರು ಮಾರಿದ್ರು ಅಜ್ಜಿ ಇದನ್ನ?’ ಅಂದೆ.

‘ಯಾರ್ ಮಾರ್ತಾರ? ಸ್ಟೀಲ್ ಪಾತ್ರಿಯವ ಬರ್ತಾನ. ಹಳೇ ಬಟ್ಟಿ ಕೊಡ್ರಿ ಅಂತಾನ. ಸೊಸೆಂದಿರು ಉಡಂಗಿಲ್ಲ, ಪೆಟಗ್ಯಾಗ ನುಸಿ ತಿಂತೈತಿ. ಕೊಟ್ಟಬಿಡ್ತಾರ. ನಂದೂ ಹೋತು ಒಂದು. ಎರಡು ಡಬರಿ ಕೊಟ್ಟ.’

ಮದುವೆಗೆ ಮುಂಚೆ ತಾನೇ ಕೂತು ಹೊಲಿದುಕೊಂಡಿದ್ದಂತೆ. ಎರಡು ಡಬರಿ.

ಆಕೆ ಬೈಯ್ಯಲಿಲ್ಲ. ಅದೇ ಕಷ್ಟ ಆಯ್ತು ನನಗೆ. ಬ್ಯಾಗ್ ವಾಪಸ್ ಕೊಟ್ಟು, ‘ಬಿಚ್ಚಿ ತಂದಕೊಡು, ನೆಟ್ಟಗ ಮಾಡಿಕೊಡ್ತೀನಿ’ ಅಂದ್ರು.

(6/7)
ಈಗ ಕೆಲವರು ಬರ್ತೀರಿ, ಗೊತ್ತು. ‘ನುಸಿ ತಿನ್ನೋದಕ್ಕಿಂತ ಬ್ಯಾಗ್ ಆದ್ರೆ ಒಳ್ಳೇದಲ್ವಾ? ಇದು ಅಪ್‌ಸೈಕ್ಲಿಂಗ್!’ ಈ ವಾದ ನಾನೂ ಹೋದ ವರ್ಷ ಮಾಡಿದ್ದೆ, ಆದ್ದರಿಂದ ಅದರ ಬಾಲ ಎಲ್ಲಿದೆ ಗೊತ್ತು.

ಉಳಿಸಬೇಕು ಅನ್ನೋರು ಕತ್ತರಿ ಯಾಕೆ ಹಾಕ್ತಾರೆ? ಇಡೀ ಕಾಂಚಳಿ ಇದ್ರೆ ಅದು ಯಾವ ಕಡೆಯದ್ದು, ಯಾವ ಹೊಲಿಗೆ ಎಲ್ಲಿ ಬರುತ್ತೆ, ತೋಳು ಹೇಗೆ ಕೂಡಿಸಿದ್ದಾರೆ ಅಂತ ನಾಳೆ ಒಬ್ಬ ಮೊಮ್ಮಗಳು ನೋಡಿ ಕಲೀಬಹುದು. ಎಂಟಿಂಚಿನ ಚೌಕ ಆದ ಮೇಲೆ ಅದು ಬರೀ ಅಲಂಕಾರ. ನಿಮ್ಮಜ್ಜಿಯ ಧಾರೆ ಸೀರೆಯನ್ನ ಯಾರೋ ಎರಡು ಡಬರಿಗೆ ಒಯ್ದು, ಸೆರಗು ಕತ್ತರಿಸಿ ಲ್ಯಾಪ್‌ಟಾಪ್ ಕವರ್ ಮಾಡಿ, ‘ಆಂಟಿಕ್ ಟ್ರೈಬಲ್’ ಅಂತ ಮಾರಿದ್ರೆ ಈ ಅಪ್‌ಸೈಕ್ಲಿಂಗ್ ಪದ ಬಾಯಿಗೆ ಬರುತ್ತಾ?

ಮನೆಯವರೇ ತಮ್ಮ ಹಳೇ ಬಟ್ಟೆಗೆ ಬೆಲೆ ಕಟ್ಟಿ ಮಾರಿದ್ರೆ ಅದು ಅವರ ಹಕ್ಕು, ನಾನು ಕೇಳೋಳಲ್ಲ. ನನ್ನ ಜಗಳ ಎರಡು ಡಬರಿಯಿಂದ 2,800ರವರೆಗಿನ ದಾರಿಯ ಬಗ್ಗೆ. ಆ ದಾರಿ ನಡೆಯೋದು ಒಂದೇ ಕಾರಣಕ್ಕೆ: ನಮಗೆ ‘ಹಳೇದು’ ಅನ್ನೋ ಪದ ಬೇಕು. ಹೊಲಿಯೋ ಕೈ ಇವತ್ತೂ ಜೀವಂತ ಇದೆ, ಸಂಡೂರಿನಲ್ಲೇ ಇದೆ. ಹೊಸದಾಗಿ ಹೊಲಿದ ಚೀಲಕ್ಕೆ ಆಕೆ ನ್ಯಾಯವಾದ ಬೆಲೆ ಹೇಳಿದ್ರೆ ‘ಜಾಸ್ತಿ ಆಯ್ತು’ ಅಂತ ಚೌಕಾಸಿ. ಆಕೆಯ ಅಜ್ಜಿಯ ರವಿಕೆ ಹರಿದು ಮಾಡಿದ್ದಕ್ಕೆ ಎರಡು ಪಟ್ಟು ಕೊಟ್ಟು ‘ವಾವ್’. ಇದು ಹಳೇದರ ಮೇಲಿನ ಪ್ರೀತಿ ಅಂತ ನನಗೆ ನಂಬೋಕಾಗ್ತಿಲ್ಲ.

ಅಂದಹಾಗೆ, 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ಆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನ ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ರು. 450ಕ್ಕೂ ಹೆಚ್ಚು ಹೆಂಗಸರ ಕೆಲಸ. ಅಷ್ಟೂ ಈ ಕಾಲದ ಹೆಂಗಸರು ಹೊಲಿದದ್ದು. ಆಗ ನಾವೆಲ್ಲ ಹೆಮ್ಮೆಯಿಂದ ಸ್ಟೋರಿ ಹಾಕಿದ್ವಿ. ನಾನೂ ಹಾಕಿದ್ದೆ. ಅವರಿಂದ ಒಂದು ಚೀಲ ಕೊಂಡಿರಲಿಲ್ಲ.

(7/7)
ಕೊಳ್ಳೋರಿಗೆ, ಕೊನೆಗೆ.

ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಸಿಗುತ್ತೆ. ಹಂಪಿಗೆ ಹೋಗೋರು ಹೊಸಪೇಟೆಯಿಂದ ಆ ಕಡೆ ಒಂದು ಸುತ್ತು ಹಾಕಿ. ಬೇರೆ ಕಡೆ ಕೊಂಡ್ರೆ ಬ್ಯಾಗನ್ನ ಒಳಗಿನಿಂದ ನೋಡಿ, ಲೈನಿಂಗ್ ಎತ್ತೋಕಾದ್ರೆ ಎತ್ತಿ. ಕಂಪ್ಯೂಟರ್ ಕಸೂತಿಯಾದ್ರೆ ಹಿಂದೆ ಒಂದೇ ಬಣ್ಣದ ತೆಳು ದಾರ ಸಮನಾಗಿ ಓಡಿರುತ್ತೆ, ಕಾಗದದಂಥ ಪದರ ಅಂಟಿರುತ್ತೆ. ಕೈಯದ್ದಾದ್ರೆ ಹಿಂದೆ ಗಂಟು, ಒಂದು ಹೂವಿನಿಂದ ಇನ್ನೊಂದಕ್ಕೆ ಜಿಗಿದ ದಾರ, ಅಲ್ಲಲ್ಲಿ ಸೊಟ್ಟ. ಕನ್ನಡಿಯ ಸುತ್ತ ದಾರದ ಕಟ್ಟು ಇರಬೇಕು. ಅಂಟು ಹಾಕಿ ಕೂರಿಸಿದ್ದು ಕಾರಿನ ಬಿಸಿಗೇ ಬಿಚ್ಕೊಳ್ಳುತ್ತೆ. ‘ಆಂಟಿಕ್’ ಅಂದ್ರೆ ಯಾವ ಬಟ್ಟೆಯಿಂದ ಕತ್ತರಿಸಿದ್ದು ಅಂತ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ಚೀಲ ಅಲ್ಲೇ ಇಟ್ಟು ಬನ್ನಿ.

ಅಗಲ ಪಟ್ಟಿ ಆರಿಸಿ, ತೆಳು ಪಟ್ಟಿ ಬೆವರಿದ ಹೆಗಲು ಕೊಯ್ಯುತ್ತೆ. ಕೆಂಪು ಬಟ್ಟೆ ಬಣ್ಣ ಬಿಡಬಹುದು, ಬಿಳಿ ಸೀರೆ ಉಡೋ ಮೊದಲು ಒದ್ದೆ ಕರವಸ್ತ್ರದಿಂದ ಒಂದು ಮೂಲೆ ಉಜ್ಜಿ ನೋಡಿ. ಇಷ್ಟೂ ಬೇಡ ಅನ್ನೋರಿಗೆ ವೈರ್ ಬ್ಯಾಗ್ ಇದ್ದೇ ಇದೆ.

ಹೋದ ವರ್ಷದ ಪೋಸ್ಟ್ ಡಿಲೀಟ್ ಮಾಡಿಲ್ಲ. ಅದರ ಕೆಳಗೇ ಈ ಕಥೆ ಬರೆದಿದ್ದೀನಿ. ಅಂಗಡಿ ಹೆಸರು ಕಳಿಸಿದ್ದೆನಲ್ಲ, ಅವರಿಗೆಲ್ಲ ಒಬ್ಬೊಬ್ಬರಿಗೇ ಮೆಸೇಜ್ ಮಾಡ್ತಿದ್ದೀನಿ, ಇನ್ನೂ ಮುಗಿದಿಲ್ಲ.

ಬ್ಯಾಗ್ ಬಿಚ್ಚಿದೆ. ಬ್ಲೇಡ್ ಹಿಡಿದು ಮೂರು ಸಂಜೆ ಬೇಕಾಯ್ತು, ಮಷಿನ್ ಹೊಲಿಗೆ ಅಷ್ಟು ಬಿಗಿ. ಎದೆಯ ಎರಡು ತುಂಡು, ಲಂಗದ ಅಂಚು ಒಂದೂವರೆ ಗೇಣು, ಉದುರಿದ ಕವಡೆ ನಾಲ್ಕು. ಬಿಳಿ ಪಂಚೆ ಮೇಲೆ ನೆಟ್ಟಗೆ ಹಾಸಿದ್ದೀನಿ, ಫೋಟೋ ಕೊನೇ ಸ್ಲೈಡಿನಲ್ಲಿದೆ. ಬರೋ ಭಾನುವಾರ ಸಂಡೂರು ಬಸ್ಸು ಹತ್ತುತ್ತೀನಿ, ಅವ್ವನ ವೈರ್ ಬ್ಯಾಗಿನಲ್ಲಿ ಇದನ್ನ ಮಡಚಿ ಇಟ್ಕೊಂಡು.

#ಬಿಸಿಲಿನಚೀಲ #ವೈರ್‌ಬ್ಯಾಗ್ #ಕಾಂಚಳಿ #ನಮ್ಮಬಳ್ಳಾರಿ