ಹುಳಿ ಬಂದ ಮದ್ದಿಗೂ ಲೆಕ್ಕ ಕೇಳಿ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಬಂಧುಗಳೇ, ಮೊಬೈಲು ತೆರೆದರೆ ಬೊಜ್ಜು ಕರಗಿಸುವ ಮೂಲಿಕೆಗಳ ಜಾಹೀರಾತಿಗೆ ಬರವಿಲ್ಲ. ಅದಕ್ಕೀಗ ‘ಹುದುಗಿಸಿದ ಚೀನೀ ಮೂಲಿಕೆ’ ಎಂಬ ಹೊಸ ಬಣ್ಣ. ರಾತ್ರಿ ಜೋಳದ ಹಿಟ್ಟು ಕಲಸಿಟ್ಟು ಬೆಳಿಗ್ಗೆ ಅಂಬಲಿ ಕಾಸುವ ಮನೆಗಳಿಗೆ ಹುದುಗು ಹೊಸದೇನಲ್ಲ. ಆಯುರ್ವೇದದ ಅರಿಷ್ಟಗಳೂ ಅದೇ ದಾರಿಯವು: ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಹಾಕಿ ಬಾಯಿ ಕಟ್ಟಿಟ್ಟರೆ, ಹೂವಿಗಂಟಿದ ಯೀಸ್ಟು ಬೆಲ್ಲ ತಿಂದು ಮದ್ಯಸಾರ ಹುಟ್ಟಿಸುತ್ತದೆ, ಆ ಮದ್ಯಸಾರವೇ ಮದ್ದು ಕೆಡದಂತೆ ಕಾಯುತ್ತದೆ. ನಾನು ಬೇಡುವುದಿಷ್ಟೇ, ಹುದುಗಿಸಿದ್ದು ಎಂದ ಮಾತ್ರಕ್ಕೆ ಅದು ಸಾಧು ಎಂದು ನಂಬಬೇಡಿ. ಹುದುಗು ವಸ್ತುವಿನ ಗುಣವನ್ನೇ ಬದಲಿಸುತ್ತದೆ, ಹಾಗಾಗಿ ಹುದುಗಿಸಿದ್ದಕ್ಕೆ ಇನ್ನಷ್ಟು ಕಟ್ಟುನಿಟ್ಟಾಗಿ ಲೆಕ್ಕ ಕೇಳಬೇಕು.

ಚೀನಾದ ಕೆಂಪು ಹುದುಗಕ್ಕಿಯನ್ನೇ ನೋಡಿ. ಅನ್ನಕ್ಕೆ ಮೊನಾಸ್ಕಸ್ ಎಂಬ ಬೂಷ್ಟು ಹಿಡಿಸಿದಾಗ ಹುಟ್ಟುವ ಮೊನಾಕೊಲಿನ್-ಕೆ ಎಂಬುದು, ಕೊಲೆಸ್ಟರಾಲಿಗೆ ಕೊಡುವ ಲೊವಾಸ್ಟಾಟಿನ್ ಮಾತ್ರೆಯೊಳಗಿನ ವಸ್ತುವೇ. ಅಕ್ಕಿಯಲ್ಲಿಲ್ಲದ ಔಷಧಿಯನ್ನು ಬೂಷ್ಟು ತಂದಿತು. ಅದೇ ಅಕ್ಕಿಯ ಮಾತ್ರೆ ತಿಂದವರು 2024ರಲ್ಲಿ ಜಪಾನಿನಲ್ಲಿ ಮೂತ್ರಪಿಂಡ ಕೆಟ್ಟು ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿದರು. ತಯಾರಿಕೆಯಲ್ಲಿ ನುಸುಳಿದ ಇನ್ನೊಂದು ಬೂಷ್ಟಿನ ವಿಷದತ್ತ ತನಿಖೆ ಬೊಟ್ಟು ಮಾಡಿತು. ಹುದುಗಿನ ಹಂಗಿಲ್ಲದೆಯೂ ಕೆಟ್ಟದ್ದುಂಟು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೆಳ್ಳಗಾಗಲು ಚೀನೀ ಮೂಲಿಕೆ ತಿಂದ ಸುಮಾರು ನೂರು ಹೆಂಗಸರ ಮೂತ್ರಪಿಂಡಕ್ಕೆ ಏಟು ಬಿತ್ತು. ಒಂದು ಬೇರಿನ ಬದಲು ಹೆಸರು ಹೋಲುವ ಇನ್ನೊಂದು ಬೇರು, ಅರಿಸ್ಟೊಲೋಕಿಯಾ, ಮದ್ದಿನಲ್ಲಿ ಸೇರಿತ್ತು.

ಹಾಗಾದರೆ ಸಂಶೋಧನೆಯೆಲ್ಲ ಸುಳ್ಳೇ ಎನ್ನಬಹುದು. ಸುಳ್ಳಲ್ಲ. ಕೊಬ್ಬಿನ ಮೇವು ತಿಂದ ಇಲಿಗಳಲ್ಲಿ ಹುದುಗಿಸಿದ ಮೂಲಿಕೆ ಬೊಜ್ಜು ತಗ್ಗಿಸಿದ್ದುಂಟು, ಕರುಳಿನ ಸೂಕ್ಷ್ಮಾಣುಗಳನ್ನು ಬದಲಿಸಿದ್ದೂ ಉಂಟು. ಆದರೆ ಪಂಜರದ ಇಲಿಗೆ ಮೇವು ತೂಗಿ ಹಾಕುತ್ತಾರೆ. ನಮ್ಮ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಊಟವನ್ನು ನಮಗೆ ಯಾರೂ ತೂಗಿ ಬಡಿಸುವುದಿಲ್ಲ. ಚರಕನೇ ಅರಿಷ್ಟ ಹೇಳಿದ್ದಾನಲ್ಲ ಎಂಬ ಮಾತೂ ನಿಜ. ಚರಕಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯದಲ್ಲಿ ಬೊಜ್ಜಿಗೆಂದು ಮಜ್ಜಿಗೆಯ ಅರಿಷ್ಟವಾದ ತಕ್ರಾರಿಷ್ಟವಿದೆ, ತ್ರಿಫಲಾ ಇದೆ. ಜೊತೆಗೇ ಜವೆ, ಹೆಸರು, ಹುರುಳಿ, ದೇಹಶ್ರಮವೂ ಇವೆ. ಊಟದ ಮೇಲೆ ಕುಡಿಯುವ ಅನುಪಾನದ ಜಾಗ ಅರಿಷ್ಟಕ್ಕೆ. ಮಾರುವವರು ಆ ಹುರುಳಿ, ಶ್ರಮಗಳನ್ನು ಬಿಟ್ಟು ಬರೀ ಬಾಟಲಿ ಮಾರುತ್ತಾರೆ. ಆ ಬಾಟಲಿಯಲ್ಲಿ ಬೆಲ್ಲವೂ ಮದ್ಯಸಾರವೂ ಇರುವುದನ್ನು ಬೊಜ್ಜಿನವರು, ಸಕ್ಕರೆ ಕಾಯಿಲೆಯವರು, ಲಿವರ್ ಕೆಟ್ಟವರು, ಬಸುರಿಯರು ಮರೆಯಬಾರದು.

ಬೊಜ್ಜು ವಾಸಿಮಾಡುತ್ತೇವೆಂಬ ಜಾಹೀರಾತು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ಆ ಕಾಯ್ದೆಯ ರೋಗಪಟ್ಟಿಯಲ್ಲಿ ಬೊಜ್ಜಿನ ಹೆಸರೇ ಇದೆ. ಭಾರತದಲ್ಲಿ 2011ರಲ್ಲಿ ನಿಷೇಧವಾದ, ತೂಕ ಇಳಿಸುವ ಸಿಬುಟ್ರಮಿನ್ ಎಂಬ ಮಾತ್ರೆಯ ಪುಡಿ ‘ಶುದ್ಧ ಮೂಲಿಕೆ’ಯೊಳಗೆ ಸಿಕ್ಕಿದ್ದು ಅನೇಕ ದೇಶಗಳಲ್ಲಿ ದಾಖಲಾಗಿದೆ. ಆದ್ದರಿಂದ ಕೊಳ್ಳುವ ಮೊದಲು ಚೀಟಿ ಓದಿ: ಪರವಾನಗಿ ಸಂಖ್ಯೆ, ಬ್ಯಾಚು, ತಯಾರಾದ ದಿನ, ಮದ್ಯಸಾರದ ಪ್ರಮಾಣ. ನೋಂದಾಯಿತ ವೈದ್ಯರಿಗೆ ತೋರಿಸಿ. ಕುಡಿದ ಮೇಲೆ ಕಾಲು ಬಾತರೆ, ಮೂತ್ರ ಕಡಿಮೆಯಾದರೆ, ಎದೆ ಹೊಡೆದುಕೊಂಡರೆ ನಾಚಿಕೆಪಟ್ಟು ಬಾಟಲಿ ಎಸೆಯಬೇಡಿ. ಅದನ್ನೇ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ.